ಒಲೆಗಿಂತ ಮೊದಲು ಸೌದೆ

ಇಂಗ್ಲೆಂಡಿನ ಹಳೆಯ ಊರುಗಳಲ್ಲಿ ಮನೆ ಕೊಂಡ ನಮ್ಮವರಿಗೆ ಮನೆಯ ಜೊತೆಗೆ ಒಂದು ಹೊಗೆಗೂಡೂ ದಕ್ಕುವುದುಂಟು. ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆಗಳಲ್ಲಿ ಕೋಣೆಕೋಣೆಗೂ ಅಗ್ಗಿಷ್ಟಿಕೆ ಇರುತ್ತಿತ್ತು. ಕಲ್ಲಿದ್ದಲು ಉರಿಯುತ್ತಿದ್ದ ಆ ಗೂಡುಗಳಲ್ಲಿ ಎಷ್ಟೋ, ಅನಿಲದ ಬಾಯ್ಲರ್ ಬಂದ ಮೇಲೆ ಇಟ್ಟಿಗೆಯಿಂದ ಮುಚ್ಚಿಹೋದವು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿ ಅನಿಲದ ಬಿಲ್ಲು ಮುಗಿಲು ಮುಟ್ಟಿದಾಗ, ಆ ಇಟ್ಟಿಗೆ ಕೀಳಿಸಿ ಸೌದೆ ಒಲೆ ಕೂರಿಸುವವರು ಹೆಚ್ಚಾದರು. ಅಂಗಡಿಗೆ ಹೋದವರು ನೋಡುವುದು ಒಲೆಯ ಗಾಜು, ಬಣ್ಣ, ಕಾಲುಗಳ ಅಂದ ಮತ್ತು ಬೆಲೆ. ಸೌದೆಯ ಮಾತು ಬರುವುದು ಒಲೆ ಮನೆ ಸೇರಿದ ಮೇಲೆ. ಈ ಕ್ರಮವೇ ತಲೆಕೆಳಗಾಗಿದೆ ಎನ್ನುವುದು ನನ್ನ ವಾದ. ಒಣಸೌದೆ ಎಲ್ಲಿಂದ ಬರುತ್ತದೆ, ಅದನ್ನು ಎಲ್ಲಿ ಒಟ್ಟುತ್ತೇವೆ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಒಲೆಯ ಅಂಗಡಿಯ ಬಾಗಿಲು ತಟ್ಟಬೇಕು.

ಮರದಲ್ಲಿ ಎಷ್ಟು ನೀರಿರುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ತೀರಾ ಕಡಿಮೆ ಊಹಿಸುತ್ತೇವೆ. ಆಗತಾನೆ ಉರುಳಿಸಿದ ಓಕ್, ಬರ್ಚ್, ಬೀಚ್ ಮರಗಳ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಪಾಪ್ಲರ್‌ನಂಥ ಮೆದು ಮರಗಳಲ್ಲಿ ಇನ್ನೂ ಹೆಚ್ಚು. ಆ್ಯಶ್ ಮಾತ್ರ ಬೇರೆ ಜಾತಿಯದು, ಹಸಿಯಿದ್ದಾಗಲೂ ಅದರಲ್ಲಿ ಮೂರರಲ್ಲೊಂದು ಪಾಲಿನಷ್ಟೇ ನೀರು. ಅದಕ್ಕೇ ‘ಆ್ಯಶ್ ಆದರೆ ಹಸಿಯೂ ಉರಿಯುತ್ತದೆ’ ಎಂಬ ನಂಬಿಕೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಬೇರೂರಿದೆ. ಉರಿಯುವುದೇನೋ ನಿಜ, ಚೆನ್ನಾಗಿ ಉರಿಯುವುದಿಲ್ಲ. ಬ್ರಿಟನ್ನಿನಲ್ಲಿ 2012ರಲ್ಲಿ ಮೊದಲು ಪತ್ತೆಯಾದ ಒಂದು ಶಿಲೀಂಧ್ರ ರೋಗ ಆ್ಯಶ್ ಮರಗಳನ್ನು ಸಾಲುಸಾಲಾಗಿ ಕೊಲ್ಲುತ್ತಿದೆ. ರಸ್ತೆ ಬದಿಯಲ್ಲಿ ಸಾಯುತ್ತಿರುವ ಮರಗಳನ್ನು ಅಪಾಯವೆಂದು ಕಡಿಯುವುದರಿಂದ ಆ್ಯಶ್ ಸೌದೆ ಧಾರಾಳವಾಗಿ ಸಿಗುತ್ತಿದೆ. ‘ನಿಂತಲ್ಲೇ ಒಣಗಿದ ಮರ, ಇವತ್ತೇ ಒಲೆಗೆ ಹಾಕಬಹುದು’ ಎಂದು ಯಾರಾದರೂ ಮಾರಲು ಬಂದರೆ ಪರೀಕ್ಷಿಸದೆ ನಂಬಬೇಡಿ. ಸತ್ತು ನಿಂತ ಮರದ ತುದಿಕೊಂಬೆ ಒಣಗಿರಬಹುದು, ಬುಡದ ಬೊಡ್ಡೆ ಮಾತ್ರ ಬಹುಕಾಲ ಹಸಿಯಾಗಿಯೇ ಇರುತ್ತದೆ.

ಈ ನೀರಿನಿಂದ ಆಗುವ ನಷ್ಟ ಎಷ್ಟು? ವಿದ್ಯುತ್ ಬಿಲ್ಲಿನ ಯೂನಿಟ್ಟಿನಲ್ಲೇ ಲೆಕ್ಕ ಹಾಕೋಣ. ಒಂದು ಚೂರೂ ತೇವವಿಲ್ಲದ ಒಂದು ಕಿಲೋ ಮರದಲ್ಲಿ ಸುಮಾರು 5 ಯೂನಿಟ್ ಶಾಖವಿರುತ್ತದೆ. ಮರ ಯಾವುದೆಂಬುದು ಇಲ್ಲಿ ಹೆಚ್ಚು ಮುಖ್ಯವಲ್ಲ. ಓಕ್ ಗಟ್ಟಿ, ಪೈನ್ ಹಗುರ ಎಂಬ ವ್ಯತ್ಯಾಸ ಗಾತ್ರದ ಲೆಕ್ಕದಲ್ಲಿ ಕಾಣುತ್ತದೆಯೇ ಹೊರತು ಕಿಲೋ ಲೆಕ್ಕದಲ್ಲಿ ಅಷ್ಟಾಗಿ ಅಲ್ಲ. ತೂಕದಲ್ಲಿ ಶೇ. 20 ನೀರಿರುವ ಒಂದು ಕಿಲೋ ಸೌದೆಯಿಂದ ಸುಮಾರು 4 ಯೂನಿಟ್ ಸಿಗುತ್ತದೆ. ಅರ್ಧ ನೀರಿರುವ ಹಸಿ ಸೌದೆಯ ಕಿಲೋಗೆ 2.2 ಯೂನಿಟ್ಟಿನಷ್ಟು. ತೂಕಕ್ಕೆ ಸೌದೆ ಕೊಳ್ಳುವವರು ಏನನ್ನು ಕೊಳ್ಳುತ್ತಿದ್ದಾರೆ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಆದರೆ ಈ ಲೆಕ್ಕ ಇಡೀ ಕತೆಯನ್ನು ಹೇಳುವುದಿಲ್ಲ. ಒಂದು ಕಿಲೋ ನೀರನ್ನು ಕಾಯಿಸಿ ಆವಿಯಾಗಿಸಲು ಬೇಕಾದ ಶಾಖ ಸುಮಾರು 0.7 ಯೂನಿಟ್. ಒಂದೇ ತುಂಡನ್ನು ಹಸಿಯಾಗಿ ಸುಟ್ಟಾಗ ಮತ್ತು ಒಣಗಿಸಿ ಸುಟ್ಟಾಗ ಬರುವ ಶಾಖವನ್ನು ಕಾಗದದ ಮೇಲೆ ಹೋಲಿಸಿದರೆ, ಆವಿಗಾಗಿ ಹೋದದ್ದು ಹತ್ತರಲ್ಲೊಂದು ಪಾಲು ಮಾತ್ರ. ‘ಇಷ್ಟೇ ತಾನೆ, ಇನ್ನೆರಡು ತುಂಡು ಹೆಚ್ಚಿಗೆ ಹಾಕಿದರಾಯಿತು’ ಎಂದು ವಾದಿಸುವವರನ್ನು ಕಂಡಿದ್ದೇನೆ. ಅವರ ಗಣಿತ ಸರಿ, ಬೆಂಕಿಯ ಸ್ವಭಾವವನ್ನು ಮಾತ್ರ ಅವರು ಮರೆತಿದ್ದಾರೆ.

ಮರ ನೇರವಾಗಿ ಉರಿಯುವುದಿಲ್ಲ. ಬಿಸಿ ತಾಗಿದ ಮರದಿಂದ ಮೊದಲು ನೀರು ಹೊರಡುತ್ತದೆ. ಅದು ಹೋಗುವ ತನಕ ಆ ಭಾಗದ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದು ಕಷ್ಟ. 200 ಡಿಗ್ರಿ ದಾಟಿದ ಮೇಲೆ ಮರ ಒಡೆದು ಅನಿಲಗಳನ್ನು ಕಾರತೊಡಗುತ್ತದೆ. ನಾವು ಹೊಗೆ ಎನ್ನುವುದು ಬಹುಮಟ್ಟಿಗೆ ಇದನ್ನೇ. ಮರದ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಅಡಗಿರುವುದು ಈ ಅನಿಲಗಳಲ್ಲಿ, ಉಳಿದದ್ದು ಆಮೇಲೆ ಕೆಂಡವಾಗುವ ಇದ್ದಿಲಿನಲ್ಲಿ. ಅನಿಲಗಳು ಪೂರ್ತಿ ಉರಿಯಬೇಕಾದರೆ ಒಲೆಯ ಹೊಟ್ಟೆಯಲ್ಲಿ 600 ಡಿಗ್ರಿಯಷ್ಟು ಕಾವು ಬೇಕು, ಜೊತೆಗೆ ಸಾಕಷ್ಟು ಬಿಸಿಗಾಳಿ. ಹಸಿ ಸೌದೆಯಿಂದ ಏಳುವ ಆವಿ ಆ ಕಾವನ್ನು ಇಳಿಸುತ್ತಲೇ ಇರುತ್ತದೆ. ಅನಿಲ ಉರಿಯದೆ ಹೊಗೆಗೂಡಿನ ಪಾಲಾಗುತ್ತದೆ. ದೊಡ್ಡ ನಷ್ಟ ಇರುವುದು ಇಲ್ಲಿ. ಆವಿಯ ಲೆಕ್ಕದ ಹತ್ತರಲ್ಲೊಂದು ಪಾಲಿನ ಮೇಲೆ, ಉರಿಯದೆ ಹೋದ ಇಂಧನದ ಪಾಲೂ ಸೇರಿಕೊಳ್ಳುತ್ತದೆ.

ಹಾಗೆ ಹೋದ ಹೊಗೆ ಸುಮ್ಮನೆ ಹೋಗುವುದೂ ಇಲ್ಲ. ಹೊಗೆಗೂಡಿನ ಒಳಮೈ ತಣ್ಣಗಿದ್ದರೆ ಅಲ್ಲಿ ಆವಿಯೂ ಟಾರಿನ ಅಂಶವೂ ಕೂಡಿ ಇಳಿದು, ಕಪ್ಪಗೆ ಮಿರುಗುವ ಅಂಟಾಗಿ ಮೆತ್ತಿಕೊಳ್ಳುತ್ತವೆ. ಇದನ್ನು ಕ್ರಿಯೋಸೋಟ್ ಎನ್ನುತ್ತಾರೆ. ಮಲೆನಾಡಿನ ಬಚ್ಚಲೊಲೆಯ ಮೇಲಿನ ಜಂತಿಗಳಿಗೆ ಹಿಡಿದ ಜಿಡ್ಡುಗಪ್ಪನ್ನು ಕಂಡವರಿಗೆ ಇದರ ಪರಿಚಯ ಬೇಡ. ಈ ಅಂಟು ಒಮ್ಮೆ ಹೊತ್ತಿಕೊಂಡರೆ ಹೊಗೆಗೂಡಿನೊಳಗಿನ ಬೆಂಕಿ 1,000 ಡಿಗ್ರಿ ದಾಟಬಲ್ಲದು. ಹಳೆಯ ಇಟ್ಟಿಗೆಗೂಡಿನ ಗಾರೆ ಬಿರುಕು ಬಿಟ್ಟಿದ್ದರೆ, ಬೆಂಕಿ ಆ ಬಿರುಕಿನಿಂದ ಮಾಡಿನ ಮರಕ್ಕೆ ದಾಟುತ್ತದೆ. ಮನೆಗಳು ಹಾಗೆ ಸುಟ್ಟಿವೆ.

ಸೌದೆ ಒಣಗಿದೆಯೇ ಎಂದು ತಿಳಿಯುವುದು ಹೇಗೆ? ಊರಿನ ಹಿರಿಯರು ಕೈಗೆತ್ತಿಕೊಂಡೇ ಹೇಳುತ್ತಾರೆ. ಒಣಸೌದೆ ಗಾತ್ರಕ್ಕಿಂತ ಹಗುರ ಅನ್ನಿಸುತ್ತದೆ. ಎರಡು ತುಂಡನ್ನು ಒಂದಕ್ಕೊಂದು ಬಡಿದರೆ ಠಣ್ಣೆನ್ನುತ್ತದೆ, ಹಸಿಯಾದರೆ ಧೊಪ್ಪೆನ್ನುತ್ತದೆ. ತೊಗಟೆ ಸಡಿಲವಾಗಿ ಕಳಚುತ್ತದೆ, ಬಣ್ಣ ಬೂದಿಗೆ ತಿರುಗಿರುತ್ತದೆ, ಕೊಯ್ದ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕುಗಳು ಹರಡಿರುತ್ತವೆ. ಇವೆಲ್ಲ ನಿಜವಾದ ಗುರುತುಗಳೇ, ಆದರೆ ಒಂದೊಂದಾಗಿ ನಂಬಲು ಬರುವುದಿಲ್ಲ. ತುದಿ ಬೇಗ ಒಣಗುವುದರಿಂದ ಬಿರುಕು ಬೇಗ ಬರುತ್ತದೆ, ಒಳಗಿನ ತಿರುಳು ಆಗಲೂ ಹಸಿಯಿರುತ್ತದೆ. ಬಿಸಿಲಿಗೆ ಬಿದ್ದ ಹಸಿ ಮರದ ಮೈಯೂ ಒಂದು ಬೇಸಿಗೆಯಲ್ಲಿ ಬೂದಿಬಣ್ಣಕ್ಕೆ ಬರುತ್ತದೆ. ಮರಜಾತಿ ಬದಲಾದರೆ ಕೈಯ ತೂಕದ ಅಂದಾಜೂ ತಪ್ಪುತ್ತದೆ. ಊರಲ್ಲಿ ಹಲಸು, ಮತ್ತಿ, ಅಕೇಶಿಯಾ ಎತ್ತಿ ಪಳಗಿದ ಕೈಗೆ ಬರ್ಚ್‌ನ ಹದ ತಿಳಿಯಬೇಕೆಂದೇನೂ ಇಲ್ಲ.

ಅದಕ್ಕಾಗಿಯೇ ತೇವಮಾಪಕ. ಬೆಲೆ ಹೆಚ್ಚಿಲ್ಲ, ಎರಡು ಮುಳ್ಳಿನ ಪುಟ್ಟ ಸಾಧನ. ಮುಳ್ಳುಗಳ ನಡುವೆ ವಿದ್ಯುತ್ತಿಗೆ ಮರ ಎಷ್ಟು ತಡೆ ಒಡ್ಡುತ್ತದೆ ಎಂದು ಅಳೆದು ತೇವವನ್ನು ಹೇಳುತ್ತದೆ. ಆದರೆ ಇದನ್ನು ಬಳಸುವವರಲ್ಲಿ ಬಹಳ ಮಂದಿ ರಾಶಿಯಿಂದ ಒಂದು ತುಂಡು ಎತ್ತಿ, ಅದರ ಹೊರಮೈಗೋ ಕೊಯ್ದ ತುದಿಗೋ ಚುಚ್ಚಿ, ‘ಶೇ. 14, ಒಣಗಿದೆ’ ಎಂದು ನಿರಾಳವಾಗುತ್ತಾರೆ. ಅವರು ಅಳೆದದ್ದು ಎಲ್ಲಕ್ಕಿಂತ ಮೊದಲು ಒಣಗುವ ಜಾಗವನ್ನು. ತುಂಡನ್ನು ಕೊಡಲಿಯಿಂದ ಸೀಳಿ, ಆಗ ತೆರೆದುಕೊಂಡ ಒಳಮುಖದ ನಟ್ಟನಡುವೆ ಮುಳ್ಳನ್ನು ಗಟ್ಟಿಯಾಗಿ ಒತ್ತಿ ಓದಬೇಕು. ರಾಶಿಯ ಮೇಲಿನಿಂದ, ನಡುವಿನಿಂದ, ಅಡಿಯಿಂದ ಕೆಲವು ತುಂಡುಗಳನ್ನಾದರೂ ಹೀಗೆ ನೋಡಬೇಕು. ಹೊರಗೆ ಹೆಪ್ಪುಗಟ್ಟುವ ಚಳಿಯಿದ್ದರೆ ಸೌದೆಯನ್ನು ಒಳಗೆ ತಂದು, ಕೋಣೆಯ ಬಿಸಿಗೆ ಬಂದ ಮೇಲೆ ಅಳೆಯಬೇಕು. ಮಂಜುಗಟ್ಟಿದ ನೀರಿನಲ್ಲಿ ವಿದ್ಯುತ್ ಹರಿಯುವುದು ಕಡಿಮೆ, ಹಾಗಾಗಿ ಮಾಪಕ ಇಲ್ಲದ ಒಣಗನ್ನು ತೋರಿಸುತ್ತದೆ. ಶೇ. 30ರ ಆಚೆಗೆ ಈ ಸಾಧನದ ಅಂಕಿಗಳಿಗೆ ಹೆಚ್ಚು ಅರ್ಥವಿಲ್ಲ. ಹಸಿ ಎಂದು ತಿಳಿದುಕೊಂಡರೆ ಸಾಕು.

ಇನ್ನೊಂದು ಗೊಂದಲವನ್ನು ಬಿಡಿಸಲೇಬೇಕು, ಏಕೆಂದರೆ ಅದು ಮಾರುವವರಿಗೂ ಕೊಳ್ಳುವವರಿಗೂ ಜಗಳ ತಂದಿಡುತ್ತದೆ. ತೇವಕ್ಕೆ ಎರಡು ಬಗೆಯ ಶೇಕಡಾ ಲೆಕ್ಕಗಳಿವೆ. 200 ಗ್ರಾಂ ತೂಗುವ ಒಂದು ಚಕ್ಕೆಯನ್ನು 105 ಡಿಗ್ರಿಯ ಓವನ್ನಿನಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿದಿರಿ ಎನ್ನಿ. ಕೊನೆಗೆ 160 ಗ್ರಾಂ ಉಳಿಯಿತು. ಹೋದ ನೀರು 40 ಗ್ರಾಂ. ಮೊದಲಿನ ತೂಕಕ್ಕೆ ಹೋಲಿಸಿದರೆ ಇದು ಶೇ. 20, ಒಣಗಿದ ಮರದ ತೂಕಕ್ಕೆ ಹೋಲಿಸಿದರೆ ಶೇ. 25. ಸೌದೆ ವ್ಯಾಪಾರದವರು, ಸರ್ಕಾರದ ನಿಯಮದವರು ಮೊದಲನೆಯ ಲೆಕ್ಕ ಹಿಡಿಯುತ್ತಾರೆ. ಬಡಗಿಗಳು ಎರಡನೆಯದನ್ನು. ಅಂಗಡಿಯ ಮಾಪಕಗಳಲ್ಲಿ ಬಹುಪಾಲು ಬಡಗಿಗಳಿಗಾಗಿ ಮಾಡಿದವು. ಹಾಗಾಗಿ ನಿಮ್ಮ ಮಾಪಕ ಶೇ. 25 ತೋರಿಸಿದರೂ ಸೌದೆ ನಿಯಮದೊಳಗೇ ಇದ್ದೀತು. ಮಾಪಕದ ಜೊತೆ ಬಂದ ಕಾಗದದಲ್ಲಿ ಯಾವ ಲೆಕ್ಕವೆಂದು ಓದಿಕೊಳ್ಳಿ. ಕಾಗದ ಏನೂ ಹೇಳದಿದ್ದರೆ, ಮೇಲೆ ಹೇಳಿದ ಓವನ್ ಪರೀಕ್ಷೆಯನ್ನು ಒಮ್ಮೆ ಮಾಡಿ ಮಾಪಕವನ್ನು ಸರಿನೋಡಬಹುದು. ಇದಕ್ಕಿಂತ ಖಚಿತವಾದ ಪರೀಕ್ಷೆ ಇಲ್ಲ. ಏನೂ ಸಾಧನ ಬೇಡವೆನ್ನುವವರು ಒಟ್ಟಿದ ರಾಶಿಯ ನಾಲ್ಕಾರು ತುಂಡುಗಳ ಮೇಲೆ ಅವುಗಳ ತೂಕವನ್ನು ಬರೆದಿಟ್ಟು, ತಿಂಗಳಿಗೊಮ್ಮೆ ತೂಗಲಿ. ಒಂದು ಒಳ್ಳೆಯ ಬೇಸಿಗೆ ಕಳೆದು, ತೂಕ ಇಳಿಯುವುದು ನಿಂತಿತೆಂದರೆ ಗಾಳಿಯಲ್ಲಿ ಒಣಗುವಷ್ಟು ಒಣಗಿದೆ ಎಂದರ್ಥ.

ಸೌದೆ ಒಣಗುವ ಬಗೆಯಲ್ಲೂ ತಿಳಿಯಬೇಕಾದ್ದಿದೆ. ಪಪ್ಪಾಯಿ ಎಲೆಯ ತೊಟ್ಟುಗಳನ್ನು ಸಿವುಡು ಕಟ್ಟಿದರೆ ಹೇಗೋ ಹಾಗೆ ಮರ ಎಂದರೆ ಉದ್ದುದ್ದ ಕೊಳವೆಗಳ ಕಂತೆ. ನೀರು ಎಳೆಯ ಉದ್ದಕ್ಕೆ ಹರಿದು ತುದಿಯಿಂದ ಹೊರಬೀಳುವ ವೇಗ, ಪಕ್ಕದಿಂದ ಜಿನುಗುವ ವೇಗಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಸೌದೆಯನ್ನು ತುಂಡುತುಂಡಾಗಿ ಕೊಯ್ಯುವುದು ಮೊದಲ ಕೆಲಸ, ಸೀಳುವುದು ಎರಡನೆಯದು. ಒಂದು ಮೀಟರಿನ ಕೊರಡಿಗಿಂತ 25 ಸೆಂಟಿಮೀಟರಿನ ತುಂಡು ಎಷ್ಟೋ ಬೇಗ ಒಣಗುತ್ತದೆ. ಕೊಳವೆಗಳ ಒಳಗೆ ತುಂಬಿನಿಂತ ನೀರು ಸಲೀಸಾಗಿ ಹೋಗುತ್ತದೆ. ಕೊಳವೆಯ ಗೋಡೆಗಳಿಗೆ ಹೀರಿಕೊಂಡ ನೀರು ಹೋಗಲು ಹಟಮಾಡುತ್ತದೆ. ಮೊದಲ ಕೆಲವು ತಿಂಗಳಲ್ಲಿ ತೂಕ ಸರಸರನೆ ಇಳಿದು, ಆಮೇಲೆ ನಿಧಾನವಾಗುವುದು ಇದಕ್ಕೇ. ಬರ್ಚ್ ಮರದ ತೊಗಟೆಯಂತೂ ನೀರನ್ನು ಬಿಡುವುದೇ ಇಲ್ಲ. ಸೀಳದೆ ಇಟ್ಟ ಬರ್ಚ್ ಒಣಗುವ ಮೊದಲೇ ಒಳಗೆ ಕೊಳೆಯುತ್ತದೆ. ಚಳಿಗಾಲದಲ್ಲಿ ಕಡಿದು ಮಾರ್ಚ್ ಹೊತ್ತಿಗೆ ಸೀಳಿ ಒಟ್ಟಿದ ಬರ್ಚ್, ಆ್ಯಶ್, ಪೈನ್ ಗಾಳಿ ಬಿಸಿಲು ಚೆನ್ನಾಗಿ ಸಿಕ್ಕರೆ ಅದೇ ವರ್ಷ ಒಲೆಗೆ ಬಂದೀತು. ಓಕ್‌ಗೆ ಎರಡು ವರ್ಷ ಬೇಕು, ದಪ್ಪ ಸೀಳಾದರೆ ಇನ್ನೂ ಹೆಚ್ಚು. ಮಲೆನಾಡಿನಲ್ಲಿ ಮುಂಗಾರಿಗೆ ಮುಂಚೆ ಸೌದೆ ಕೊಟ್ಟಿಗೆ ಸೇರಲೇಬೇಕೆಂಬ ಅವಸರ ಇರುವಂತೆ ಇಂಗ್ಲೆಂಡಿನಲ್ಲಿ ಸೆಪ್ಟೆಂಬರಿನ ಅವಸರ. ಶರತ್ಕಾಲದ ಥಂಡಿ ಗಾಳಿ ಬೀಸತೊಡಗಿದರೆ ಒಣಗಿದ ಸೌದೆಯೂ ತೇವ ಎಳೆದುಕೊಳ್ಳುತ್ತದೆ.

ಒಟ್ಟುವಾಗ ನೆಲಕ್ಕೆ ತಾಗದಂತೆ ಎರಡು ತೊಲೆಗಳ ಮೇಲೆ, ಗಾಳಿ ಬರುವ ದಿಕ್ಕಿಗೆ ಮುಖಮಾಡಿ, ಗೋಡೆಯಿಂದ ಒಂದು ಗೇಣಾದರೂ ಬಿಟ್ಟು ಒಟ್ಟಬೇಕು. ಮೇಲೆ ಮಾತ್ರ ಮುಚ್ಚಿಗೆ. ಇಡೀ ರಾಶಿಗೆ ಟಾರ್ಪಾಲು ಸುತ್ತಿ ಬಿಗಿಯುವವರು ಸೌದೆಯನ್ನು ಬೇಯಿಸುತ್ತಿದ್ದಾರೆಯೇ ಹೊರತು ಒಣಗಿಸುತ್ತಿಲ್ಲ. ತೊಗಟೆ ಮೇಲಿರಬೇಕೇ, ಕೆಳಗಿರಬೇಕೇ ಎಂಬ ಚರ್ಚೆಗೆ ನಾರ್ವೆಯಲ್ಲಿ ಕೊನೆಯೇ ಇಲ್ಲ. 2013ರ ಫೆಬ್ರವರಿಯಲ್ಲಿ ಅಲ್ಲಿನ ಸಾರ್ವಜನಿಕ ದೂರದರ್ಶನ ಎನ್‌ಆರ್‌ಕೆ ಸೌದೆಯ ಬಗ್ಗೆ ಹನ್ನೆರಡು ಗಂಟೆಗಳ ಕಾರ್ಯಕ್ರಮ ಪ್ರಸಾರ ಮಾಡಿದಾಗ, ಈ ವಿಷಯಕ್ಕೇ ನೋಡುಗರು ಎರಡು ಪಂಗಡವಾಗಿ ದೂರು ಕಳಿಸಿದ್ದರು. ಮುಚ್ಚಿಗೆ ಇರುವ ರಾಶಿಗೆ ಎರಡೂ ಒಂದೇ. ಬಯಲಲ್ಲಿ ಮಳೆಗೆ ಬಿಟ್ಟ ರಾಶಿಯ ಮೇಲಿನ ಸಾಲಿಗೆ ತೊಗಟೆ ಮೇಲಿರುವುದು ಲೇಸು.

ಬಹುಪಾಲು ಜನ ಸೌದೆ ಕಡಿಯುವುದಿಲ್ಲ, ಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ 2 ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವ ಶೇ. 20 ಮೀರುವಂತಿಲ್ಲ, ಚೀಲದ ಮೇಲೆ ‘ರೆಡಿ ಟು ಬರ್ನ್’ ಗುರುತು ಇರಬೇಕು. ಅದಕ್ಕಿಂತ ಹೆಚ್ಚು ಕೊಂಡರೆ ಹಸಿ ಸೌದೆ ಮಾರಲು ಅವಕಾಶವಿದೆ, ಆದರೆ ಒಣಗಿಸುವ ಬಗೆಯನ್ನು ಮಾರುವವರು ತಿಳಿಸಬೇಕು. ನಿಯಮ ಒಳ್ಳೆಯದೇ. ಸುರಿದ ಒಂದು ಘನ ಮೀಟರ್ ಸೌದೆಯನ್ನು ನೀಟಾಗಿ ಒಟ್ಟಿದರೆ 0.6 ಅಥವಾ 0.7 ಘನ ಮೀಟರಿಗೆ ಇಳಿಯುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡು ಬೆಲೆ ಹೋಲಿಸಿ. ಇಬ್ಬರು ವ್ಯಾಪಾರಿಗಳು ಹೇಳುವ ‘ಒಂದು ಲೋಡ್’ ಒಂದೇ ಆಗಿರುವುದಿಲ್ಲ. ಲಾಟ್ವಿಯಾ, ಲಿಥುವೇನಿಯಾಗಳಿಂದ ಬರುವ, ಕಾಯಿಸಿದ ಗೂಡಿನಲ್ಲಿ (ಕಿಲ್ನ್) ಒಣಗಿಸಿದ ಸೌದೆಗೆ ಬೆಲೆ ಹೆಚ್ಚು. ಗಾಳಿಯಲ್ಲಿ ಒಣಗಿ ಶೇ. 17-18ಕ್ಕೆ ಬಂದ ಸ್ಥಳೀಯ ಸೌದೆ ಅದಕ್ಕಿಂತ ಕೀಳೇನಲ್ಲ. ಶೇ. 10ಕ್ಕಿಂತ ಕೆಳಗಿಳಿದ ಅತಿ ಒಣಸೌದೆ ಒಮ್ಮೆಲೇ ಅನಿಲ ಕಾರಿ, ಗಾಳಿ ಸಾಲದೆ ಹೊಗೆಯಾಡುವುದೂ ಉಂಟು.

ಬಣ್ಣ ಬಳಿದ ಹಲಗೆ, ಗೆದ್ದಲು ಹಿಡಿಯದಂತೆ ಔಷಧಿ ಹೊಡೆದ ಬೇಲಿಗೂಟ ಒಲೆಗೆ ಬರಲೇಬಾರದು. ಹಳೆಯ ಬೇಲಿಗೂಟಗಳಲ್ಲಿ ಆರ್ಸೆನಿಕ್, ಕ್ರೋಮಿಯಂ, ತಾಮ್ರ ಸೇರಿರಬಹುದು. ಸಮುದ್ರದಂಡೆಯಲ್ಲಿ ಹೆಕ್ಕಿದ ಮರದ ಉಪ್ಪು ಒಲೆಯ ಕಬ್ಬಿಣವನ್ನು ತಿನ್ನುತ್ತದೆ, ಹೊಗೆಯನ್ನೂ ವಿಷವಾಗಿಸುತ್ತದೆ.

ಈಗ ಒಲೆಗೆ ಬರೋಣ. ಒಲೆ ಕೊಳ್ಳುವವರು ಬೇಕಾದ್ದಕ್ಕಿಂತ ದೊಡ್ಡದನ್ನೇ ಕೊಳ್ಳುತ್ತಾರೆ. ಇರಲಿ, ಚಳಿ ಹೆಚ್ಚಾದರೆ ಬೇಕಾದೀತು ಎಂಬ ಯೋಚನೆ. ಬ್ರಿಟನ್ನಿನ ಒಲೆಗಾರರು ಬಳಸುವ ಅಂದಾಜಿನ ಲೆಕ್ಕ ಸರಳವಾಗಿದೆ. ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಮೀಟರಿನಲ್ಲಿ ಗುಣಿಸಿ 14ರಿಂದ ಭಾಗಿಸಿದರೆ ಬೇಕಾದ ಕಿಲೋವ್ಯಾಟ್ ಸಿಗುತ್ತದೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 2.4 ಮೀಟರ್ ಎತ್ತರದ ಕೋಣೆಗೆ 3.4 ಕಿಲೋವ್ಯಾಟ್. ಗೋಡೆ, ಮಾಡು ಚೆನ್ನಾಗಿ ಕಾವು ಹಿಡಿಯುವ ಮನೆಗೆ ಇನ್ನೂ ಕಡಿಮೆ ಸಾಕು. ಅದೇ ಕೋಣೆಯಲ್ಲಿ 8 ಕಿಲೋವ್ಯಾಟಿನ ಒಲೆ ಕೂರಿಸಿದರೆ ಅರ್ಧ ಗಂಟೆಯಲ್ಲಿ ಸೆಕೆ ತಾಳಲಾರದೆ ಗಾಳಿಯ ಕಿಂಡಿ ಮುಚ್ಚುತ್ತೀರಿ. ಆಗ ಉರಿ ಸತ್ತು ಸೌದೆ ಕಮರತೊಡಗುತ್ತದೆ. ಎಷ್ಟೇ ಒಣಗಿದ್ದರೂ ಆ ಸೌದೆ ಹಸಿ ಸೌದೆಯಂತೆಯೇ ಹೊಗೆ ಕಕ್ಕುತ್ತದೆ, ಗಾಜು ಕಪ್ಪಾಗುತ್ತದೆ, ಹೊಗೆಗೂಡಿಗೆ ಟಾರು ಹಿಡಿಯುತ್ತದೆ. ಚಿಕ್ಕ ಒಲೆಯನ್ನು ಚುರುಕಾಗಿ ಉರಿಸಿ. ದೊಡ್ಡ ಒಲೆಯನ್ನು ಹೊಗೆಯಾಡಿಸಬೇಡಿ. ಇಂಗ್ಲೆಂಡಿನ ಕಟ್ಟಡ ನಿಯಮಗಳೂ ಒಂದು ಗೆರೆ ಎಳೆದಿವೆ. 5 ಕಿಲೋವ್ಯಾಟ್ ಮೀರಿದರೆ ಕೋಣೆಗೆ ಸದಾ ತೆರೆದ ಗಾಳಿಕಿಂಡಿ ಬೇಕು. ಗಾಳಿ ಸೋರದಂತೆ ಕಟ್ಟಿದ ಹೊಸ ಮನೆಗಳಲ್ಲಿ ಚಿಕ್ಕ ಒಲೆಗೂ ಹೊರಗಿನ ಗಾಳಿ ತರುವ ಏರ್ಪಾಡು ಬೇಕಾಗುತ್ತದೆ.

ಬೆಂಕಿಗೆ ಗಾಳಿ ಎಲ್ಲಿಂದ ಎಷ್ಟು ಎಂಬುದೇ ಒಲೆ ಕಟ್ಟುವವರ ವಿದ್ಯೆ. ತೆರೆದ ಅಗ್ಗಿಷ್ಟಿಕೆಯಲ್ಲಿ ಅದು ಯಾರ ಹಿಡಿತದಲ್ಲೂ ಇಲ್ಲ. ಕೋಣೆಯ ಬಿಸಿಗಾಳಿಯನ್ನೇ ಎಳೆದುಕೊಂಡು ಶಾಖದ ಬಹುಪಾಲನ್ನು ಮಾಡಿನಾಚೆ ಕಳಿಸುತ್ತದೆ. 1790ರ ದಶಕದಲ್ಲಿ ಕೌಂಟ್ ರಂಫರ್ಡ್ ಅದರ ಗಂಟಲು ಕಿರಿದು ಮಾಡಿ, ಗೋಡೆಗಳನ್ನು ಓರೆಯಾಗಿಸಿ ಲಂಡನ್ನಿನ ಮನೆಗಳ ಹೊಗೆ ಕಡಿಮೆ ಮಾಡಿದ. ನಮ್ಮಲ್ಲೂ ಈ ವಿದ್ಯೆಗೆ ದೊಡ್ಡ ಅಧ್ಯಾಯವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಅಸ್ತ್ರ ಒಲೆ ಬಂತು. ಅದು ಅಡುಗೆಯ ಒಲೆ, ಕೋಣೆ ಕಾಯಿಸುವುದಲ್ಲ. ಆದರೆ ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿಟ್ಟು, ಗಾಳಿಯನ್ನು ಅಳತೆ ಮಾಡಿ ಕೊಟ್ಟು, ಬಿಸಿ ಹೊಗೆ ಮೂರು ಪಾತ್ರೆಗಳ ಅಡಿಯಲ್ಲಿ ಹಾಯ್ದ ಮೇಲೆಯೇ ಕೊಳವೆ ಸೇರುವಂತೆ ಮಾಡಿದ ಆ ತತ್ವವೇ ಇಲ್ಲಿಯದೂ. ಅದರ ಲಾಭ ಮೊದಲು ಮುಟ್ಟಿದ್ದು ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಣ್ಣು, ಎದೆ ಸುಟ್ಟುಕೊಳ್ಳುತ್ತಿದ್ದ ಹೆಂಗಸರಿಗೆ. ಒಲೆಯ ಮಾತೆತ್ತಿದಾಗಲೆಲ್ಲ ಇದನ್ನು ನೆನೆಯಬೇಕು.

ಒಳ್ಳೆಯ ಆಧುನಿಕ ಒಲೆಯಲ್ಲಿ ಗಾಳಿ ಮೂರು ಕಡೆಯಿಂದ ಬರುತ್ತದೆ. ಕೆಳಗಿನ ಗಾಳಿ ಹೊತ್ತಿಸಲು. ಗಾಜಿನ ಮೇಲಿನಿಂದ ಇಳಿಯುವ ಗಾಳಿ ಗಾಜನ್ನು ಚೊಕ್ಕಟವಾಗಿಟ್ಟು ಉರಿಗೆ ಸೇರುತ್ತದೆ. ಹಿಂದಿನ ಗೋಡೆಯ ಸಾಲು ತೂತುಗಳಿಂದ ಬರುವ ಕಾದ ಗಾಳಿ, ಮೇಲೇಳುವ ಅನಿಲಗಳನ್ನು ಅಲ್ಲೇ ಉರಿಸುತ್ತದೆ. ಅಂಗಡಿಯಲ್ಲಿ ಬಾಗಿಲು ತೆರೆಸಿ ಆ ತೂತುಗಳನ್ನು ನೋಡಿ, ಗಾಳಿ ಸೋರದಂತೆ ಬಾಗಿಲಿನ ಅಂಚಿಗೆ ಕೂರಿಸಿದ ಹಗ್ಗದ ಬಿಗಿತವನ್ನೂ ನೋಡಿ. ಒಳಗೋಡೆಗೆ ಕೂರಿಸಿದ ಹಲಗೆಗಳು ಒಡೆದರೆ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ. ಎರಕದ ಕಬ್ಬಿಣವೋ ಉಕ್ಕೋ ಎಂಬುದು ಮಾರುವವರು ಬೆಳೆಸುವಷ್ಟು ದೊಡ್ಡ ಪ್ರಶ್ನೆಯಲ್ಲ. ಎರಕದ್ದು ನಿಧಾನ ಕಾದು ನಿಧಾನ ಆರುತ್ತದೆ, ಉಕ್ಕಿನದು ಬೇಗ ಕಾಯುತ್ತದೆ. ಸೌದೆ, ಕಲ್ಲಿದ್ದಲು ಎರಡಕ್ಕೂ ಆಗುವ ಒಲೆಗಿಂತ ಸೌದೆಗೆಂದೇ ಮಾಡಿದ್ದನ್ನು ನಾನು ಆರಿಸುತ್ತೇನೆ. ಕಲ್ಲಿದ್ದಲಿಗೆ ಅಡಿಯಿಂದ ಗಾಳಿ ಬೇಕು, ಸೌದೆ ತನ್ನ ಬೂದಿಯ ಹಾಸಿಗೆಯ ಮೇಲೆ ಚೆನ್ನಾಗಿ ಉರಿಯುತ್ತದೆ.

ಎಲ್ಲಿ ಒಲೆ ಬೇಡವೆನ್ನಬೇಕು ಎಂಬುದನ್ನೂ ಹೇಳಲೇಬೇಕು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಕವಿದ ಹೊಗೆಮಂಜು ಸಾವಿರಾರು ಜನರನ್ನು ಕೊಂದಿತು. ಸುಮಾರು 4,000 ಎಂದು ಆಗ ಎಣಿಸಿದ್ದರು, ನಂತರದ ಅಧ್ಯಯನಗಳು 12,000ದವರೆಗೂ ಹೋಗುತ್ತವೆ. ಅದರ ಬೆನ್ನಿಗೇ ಬಂದದ್ದು 1956ರ ಶುದ್ಧ ಗಾಳಿ ಕಾಯ್ದೆ, ಅದರಿಂದ ಹೊಗೆ ನಿಯಂತ್ರಣ ಪ್ರದೇಶಗಳು. ನಿಮ್ಮ ಮನೆ ಅಂಥ ಪ್ರದೇಶದಲ್ಲಿದ್ದರೆ ಸೌದೆ ಸುಡಲು ಸರ್ಕಾರದ ವಿನಾಯಿತಿ ಪಡೆದ ಒಲೆಯೇ ಬೇಕು. ಹೊಗೆಗೂಡಿನಿಂದ ಹೊಗೆ ಕಂಡರೆ 300 ಪೌಂಡ್‌ವರೆಗೆ ದಂಡವಿದೆ. 2022ರ ಜನವರಿಯಿಂದ ಹೊಸ ಒಲೆಗಳೆಲ್ಲ ಇಕೋಡಿಸೈನ್ ಎಂಬ ಮಟ್ಟವನ್ನು ಮುಟ್ಟಬೇಕು. ಹಳೆಯ ಒಲೆಗಳಿಗಿಂತ ಇವುಗಳ ಹೊಗೆ ಬಹಳ ಕಡಿಮೆ. ಆದರೂ ಅತ್ಯುತ್ತಮ ಸೌದೆ ಒಲೆಯೂ ಅನಿಲದ ಬಾಯ್ಲರಿಗಿಂತ ಎಷ್ಟೋ ಪಟ್ಟು ಸೂಕ್ಷ್ಮ ಕಣಗಳನ್ನು ಬಿಡುತ್ತದೆ, ಬಾಗಿಲು ತೆರೆದಾಗಲೆಲ್ಲ ಅವು ಕೋಣೆಗೂ ಬರುತ್ತವೆ. ಗೋಡೆಗೆ ಗೋಡೆ ತಾಗಿದ ಬೀದಿಯಲ್ಲಿ, ಬೇರೆ ಬಿಸಿಯ ವ್ಯವಸ್ಥೆ ಇದ್ದೂ ಅಂದಕ್ಕಾಗಿ ಒಲೆ ಕೂರಿಸುವುದನ್ನು ನಾನು ಒಪ್ಪಲಾರೆ. ಮನೆಯಲ್ಲಿ ಆಸ್ತಮಾ ಇರುವವರು, ಎಳೆಗೂಸು ಇದ್ದರೆ ಬೇಡವೇ ಬೇಡ. ಹಳ್ಳಿಯಲ್ಲಿ, ಅನಿಲದ ಕೊಳವೆ ಬಾರದ ಕಡೆ, ಕರೆಂಟು ಹೋದರೆ ದಿನಗಟ್ಟಲೆ ಬಾರದ ಕಡೆ, ಸ್ವಂತ ಮರ ಇರುವವರಿಗೆ ಮಾತು ಬೇರೆ.

ಒಲೆ ಕೂರಿಸಲು ಅಧಿಕೃತ ಕೆಲಸಗಾರರನ್ನೇ ಕರೆಯಿರಿ, ಹಳೆಯ ಇಟ್ಟಿಗೆಗೂಡಿನೊಳಗೆ ಸ್ಟೇನ್‌ಲೆಸ್ ಉಕ್ಕಿನ ಕೊಳವೆ ಇಳಿಸಿ. ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಇಂಗ್ಲೆಂಡಿನ ನಿಯಮದಂತೆ ಕಡ್ಡಾಯ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ರಾತ್ರಿಯಿಡೀ ಕಮರಲು ಬಿಟ್ಟು ಮಲಗುವ ಹಳೆಯ ರೂಢಿ ಟಾರಿಗೂ ಈ ಅನಿಲಕ್ಕೂ ದಾರಿ, ಅದನ್ನು ಬಿಡಿ. ಹೊತ್ತಿಸುವಾಗ ದಪ್ಪ ಸೀಳುಗಳನ್ನು ಅಡಿಗಿಟ್ಟು, ಚಕ್ಕೆಗಳನ್ನು ಮೇಲಿಟ್ಟು, ಮೇಲಿನಿಂದ ಬೆಂಕಿ ಕೊಡಿ. ಅಡಿಯಿಂದ ಏಳುವ ಅನಿಲ ಉರಿಯನ್ನು ಹಾದೇ ಹೋಗಬೇಕಾಗುವುದರಿಂದ ಹೊಗೆ ಕಡಿಮೆ. ಊರಿನ ರೂಢಿಗೆ ಇದು ತಿರುಗುಮುರುಗು ಅನ್ನಿಸಿದರೂ ಒಮ್ಮೆ ಮಾಡಿ ಹೊರಗೆ ಹೋಗಿ ಹೊಗೆಗೂಡನ್ನು ನೋಡಿದರೆ ಗೊತ್ತಾಗುತ್ತದೆ.

ಹೊಗೆಗೂಡನ್ನು ವರ್ಷಕ್ಕೆ ಒಮ್ಮೆಯಾದರೂ ಗುಡಿಸಬೇಕು, ಚಳಿಗಾಲವೆಲ್ಲ ಉರಿಸುವವರು ಎರಡು ಸಲ. ಗುಡಿಸುವವರು ಬಂದಾಗ ಅವರ ಪಕ್ಕದಲ್ಲಿ ನಿಂತು, ಏನು ಉದುರಿತೆಂದು ನೋಡಿ. ಒಣಗಿದ, ಕಂದುಗಪ್ಪು ಪುಡಿ ಉದುರಿದರೆ ಸೌದೆಯೂ ಗಾಳಿಯೂ ಸರಿಯಿದ್ದವು. ಹೊಳೆಯುವ ಕರಿ ಹಕ್ಕಳೆ ಬಂದರೆ, ಕುಂಚಕ್ಕೆ ಅಂಟು ಹತ್ತಿದರೆ, ಮಾಪಕ ಏನೇ ಹೇಳಿರಲಿ, ಒಂದೋ ನೀವು ಸುಟ್ಟದ್ದು ಹಸಿ ಸೌದೆ, ಇಲ್ಲವೇ ಗಾಳಿ ಮುಚ್ಚಿ ಕಮರಿಸಿದ್ದೀರಿ. ಆಗ ಮಾಡಬೇಕಾದ್ದು ಇಷ್ಟು: ಕೊಳವೆಯನ್ನು ಪೂರ್ತಿ ಸ್ವಚ್ಛ ಮಾಡಿಸಿಕೊಳ್ಳಿ, ಉಳಿದ ಸೌದೆಯ ಹತ್ತು ತುಂಡುಗಳನ್ನು ಸೀಳಿ ಅಳೆಯಿರಿ, ಹಸಿಯೆಂದು ಕಂಡರೆ ರಾಶಿಯನ್ನು ಇನ್ನೊಂದು ಬೇಸಿಗೆಗೆ ಬಿಟ್ಟು ಈ ಚಳಿಗಾಲಕ್ಕೆ ಒಣಗಿದ್ದನ್ನು ಕೊಂಡು ತನ್ನಿ.